ಲೂಯಿ ಬ್ರೈಲ್: ಒಂದು ಕಣ್ಣಿನ ಗಾಯ, ಎರಡು ಕಣ್ಣಿನ ಕತ್ತಲೆ

ಬ್ರೈಲ್ ಲಿಪಿಯ ಹೆಸರು ಕೇಳದವರು ಕಡಿಮೆ. ಲಿಫ್ಟಿನ ಗುಂಡಿಗಳ ಮೇಲೆ ಆ ಉಬ್ಬು ಚುಕ್ಕಿಗಳನ್ನು ನಾವೆಲ್ಲ ನೋಡಿದ್ದೇವೆ. ಆದರೆ ಆ ಲಿಪಿಯನ್ನು ಕೊಟ್ಟ ಲೂಯಿ ಬ್ರೈಲ್ ಹುಟ್ಟಿನಿಂದ ಕುರುಡರಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮೂರು ವರ್ಷದ ಮಗು ಮನೆಯಲ್ಲೇ ಆಡುತ್ತಿದ್ದಾಗ ಆದ ಗಾಯದಿಂದ ಅವರ ಕಣ್ಣು ಹೋಯಿತು. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಅವರ ಬಗ್ಗೆ ಬರೆಯೋಣ ಅನ್ನಿಸಿದ್ದು ಇದಕ್ಕೇ.

ಅವರು ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ಸಿನ ಪೂರ್ವಕ್ಕಿರುವ ಕೂವ್ರೇ ಎಂಬ ಹಳ್ಳಿಯಲ್ಲಿ. ತಂದೆ ಸಿಮೋನ್ ರೆನೆ ಕುದುರೆಯ ಜೀನು, ಲಗಾಮು ಮಾಡುವವರು. ನಾಲ್ಕು ಮಕ್ಕಳಲ್ಲಿ ಲೂಯಿಯೇ ಕೊನೆಯವನು. ಒಂದು ದಿನ ತಂದೆಯಂತೆ ತಾನೂ ಚರ್ಮಕ್ಕೆ ತೂತು ಹಾಕಲು ಹೋದ. ಕೈಯಲ್ಲಿದ್ದ ದಬ್ಬಣ ಜಾರಿ ನೇರ ಕಣ್ಣಿಗೆ ಚುಚ್ಚಿತು. ಊರಿನ ವೈದ್ಯರಿಂದ ಏನೂ ಆಗಲಿಲ್ಲ. ಕೆಲವು ವಾರಗಳಲ್ಲಿ ಇನ್ನೊಂದು ಕಣ್ಣೂ ಕೆಂಪಾಗಿ ಊದಿಕೊಂಡಿತು. ಐದು ವರ್ಷ ತುಂಬುವ ಹೊತ್ತಿಗೆ ಎರಡೂ ಕಣ್ಣು ಪೂರ್ತಿ ಹೋಗಿದ್ದವು.

ಪೆಟ್ಟೇ ಬೀಳದ ಕಣ್ಣು ಹೋದದ್ದು ಹೇಗೆ? ಇದನ್ನು ಓದಿದಾಗ ನನ್ನನ್ನು ಕಾಡಿದ ಪ್ರಶ್ನೆ ಇದು. ಸಿಂಪಥೆಟಿಕ್ ಆಫ್ತಾಲ್ಮಿಯಾ ಎಂಬ ತೊಂದರೆ ಇರಬಹುದೆಂದು ಇಂದಿನ ವೈದ್ಯರು ಊಹಿಸುತ್ತಾರೆ. ಕಣ್ಣಿನ ಒಳಪದರದ ಕೆಲವು ಅಂಶಗಳು ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಗೆ ಸಾಮಾನ್ಯವಾಗಿ ಕಾಣಸಿಗುವುದೇ ಇಲ್ಲ. ಆಳವಾದ ಗಾಯವಾಗಿ ಅವು ಹೊರಬಿದ್ದಾಗ ದೇಹ ಅವನ್ನು ಶತ್ರುವೆಂದು ತಿಳಿದು ಹೋರಾಟಕ್ಕಿಳಿಯುತ್ತದೆ. ಅಂಥದೇ ಅಂಶ ಒಳ್ಳೆಯ ಕಣ್ಣಿನಲ್ಲೂ ಇರುವುದರಿಂದ ಅದರ ಮೇಲೂ ದಾಳಿ ನಡೆಯುತ್ತದೆ. ಇಂದು ಗಾಯವನ್ನು ಬೇಗ ಹೊಲಿದು ಮುಚ್ಚುತ್ತಾರೆ, ಉರಿಯೂತ ತಗ್ಗಿಸಲು ಸ್ಟೀರಾಯ್ಡ್ ಇದೆ. ಹಾಗಾಗಿ ಇದು ಬಹಳ ಅಪರೂಪ. ಆದರೆ ಗಾಯವಾಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೂ ಒಳ್ಳೆಯ ಕಣ್ಣು ಕೆಂಪಾದರೆ, ಮಂಜಾದರೆ, ಬೆಳಕು ನೋಡಲಾಗದಿದ್ದರೆ ಒಂದು ದಿನವೂ ಕಾಯಬಾರದು.

ನಮ್ಮ ಮನೆಗಳಲ್ಲಿ ದಬ್ಬಣ ಇರಲಿಕ್ಕಿಲ್ಲ. ಕತ್ತರಿ, ಕಾಂಪಾಸು, ಹೂ ಕಟ್ಟುವ ಸೂಜಿ, ಮೊನೆ ಚೂಪಾದ ಪೆನ್ಸಿಲ್ ಇವೆಯಲ್ಲ! ಕಣ್ಣಿಗೆ ಏನಾದರೂ ಚುಚ್ಚಿದರೆ ಉಜ್ಜಬಾರದು, ತೊಳೆಯಬಾರದು, ಸಿಕ್ಕಿಕೊಂಡದ್ದನ್ನು ಎಳೆಯಬಾರದು. ಒತ್ತಡ ಬೀಳದಂತೆ ಕಾಗದದ ಲೋಟವನ್ನು ಕಣ್ಣಿಗೆ ಆಸರೆಯಾಗಿಟ್ಟು ನೇರವಾಗಿ ಕಣ್ಣಾಸ್ಪತ್ರೆಗೆ ಹೋಗಬೇಕು. ಎಲೆಯಡಿಕೆಯ ಸುಣ್ಣ ಸಿಡಿದರೆ ಮಾತ್ರ ಲೆಕ್ಕ ಬೇರೆ: ಅಲ್ಲೇ, ಆ ಕ್ಷಣವೇ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಆಸ್ಪತ್ರೆ ಆಮೇಲೆ. ಎದೆಹಾಲು, ಜೇನುತುಪ್ಪ, ಹರಳೆಣ್ಣೆ ಹಾಕಿ ನೋಡೋಣ ಎನ್ನುವ ಹಿರಿಯರ ಪ್ರೀತಿಗೆ ನಮಸ್ಕಾರ ಹೇಳಿ, ಆಟೋ ಕರೆಯುವುದೇ ಸರಿ.

ಮತ್ತೆ ಲೂಯಿಯ ಕಥೆಗೆ ಬರೋಣ. ಅಪ್ಪ ಅಮ್ಮ ಅವನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಕೋಲು ಊರಿಕೊಂಡು ಊರೆಲ್ಲ ತಿರುಗುವುದನ್ನು ಕಲಿಸಿದರು, ಊರ ಶಾಲೆಗೇ ಕಳಿಸಿದರು. ಹತ್ತನೆಯ ವಯಸ್ಸಿಗೆ, 1819ರಲ್ಲಿ, ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಗೆ ಸೇರಿದ.

ಅಲ್ಲಿ ಪುಸ್ತಕಗಳಿದ್ದವು, ಆದರೆ ಕಣ್ಣಿದ್ದವರು ಓದುವ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸಿದ್ದು. ಒಂದೊಂದು ಅಕ್ಷರವನ್ನೂ ಬೆರಳಿನಿಂದ ಸವರಿ ಗುರುತಿಸಬೇಕು. ಮಕ್ಕಳು ತಾವೇ ಹಾಗೆ ಬರೆಯುವುದಂತೂ ಆಗದ ಮಾತು. ಆಗ ಚಾರ್ಲ್ಸ್ ಬಾರ್ಬಿಯೇ ಎಂಬುವರ ಚುಕ್ಕಿ ಬರಹ ಆ ಶಾಲೆಗೆ ಬಂತು. ಒಂದು ಗುರುತಿಗೆ 12 ಚುಕ್ಕಿ, ಕಾಗುಣಿತವಿಲ್ಲ, ಬರೀ ಉಚ್ಚಾರಣೆ. ಬೆರಳ ತುದಿಗೆ ಅಷ್ಟು ಚುಕ್ಕಿ ಒಮ್ಮೆಗೇ ಸಿಗುವುದಿಲ್ಲ. ಲೂಯಿ ಅದನ್ನು 6ಕ್ಕೆ ಇಳಿಸಿದ. 1824ರ ಹೊತ್ತಿಗೆ, ಹದಿನೈದನೇ ವಯಸ್ಸಿಗೆ, ಲಿಪಿ ಹೆಚ್ಚುಕಡಿಮೆ ಸಿದ್ಧವಾಗಿತ್ತು. ಸಾಫ್ಟ್‌ವೇರ್ ಕೆಲಸದ ನನಗೆ ಇಲ್ಲಿ ಚಪ್ಪಾಳೆ ತಟ್ಟಬೇಕೆನಿಸುತ್ತದೆ. ಪ್ರತಿ ಚುಕ್ಕಿ ಉಬ್ಬಿರಬೇಕು ಅಥವಾ ಇಲ್ಲದಿರಬೇಕು. ಆರು ಚುಕ್ಕಿಗೆ 64 ಜೋಡಣೆ. ನಾವು ಇಂದು 6 ಬಿಟ್ ಎನ್ನುವುದು ಇದನ್ನೇ. ಅಕ್ಷರ, ಅಂಕಿ, ಸಂಗೀತದ ಸ್ವರ ಎಲ್ಲಕ್ಕೂ ಅಷ್ಟೇ ಸಾಕಾಯಿತು. ಅದನ್ನು ಬರೆಯಲು ಬೇಕಾದ ಸಾಧನ ಮೊನೆಯ ಕಡ್ಡಿ, ಅಪ್ಪನ ದಬ್ಬಣದ ಚಿಕ್ಕ ತಮ್ಮನಂಥದ್ದು.

ಅವನು ಕುರುಡನಾದದ್ದರಿಂದಲೇ ಲೋಕಕ್ಕೆ ಈ ಲಿಪಿ ಸಿಕ್ಕಿತು, ಎಲ್ಲ ಒಳ್ಳೆಯದಕ್ಕೇ ಎನ್ನುವವರಿದ್ದಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಅದೇ ರೀತಿ ಕಣ್ಣು ಕಳೆದುಕೊಂಡ ಎಷ್ಟೋ ಮಕ್ಕಳ ಹೆಸರೂ ನಮಗೆ ಉಳಿದಿಲ್ಲ.

ಬ್ರೈಲ್ ಅದೇ ಶಾಲೆಯಲ್ಲಿ ಮೇಷ್ಟರಾದರು, ಚರ್ಚಿನಲ್ಲಿ ಆರ್ಗನ್ ನುಡಿಸಿದರು. 1829ರಲ್ಲಿ ತಮ್ಮ ಪದ್ಧತಿಯ ಪುಸ್ತಕ ಪ್ರಕಟಿಸಿದರು. ಆದರೂ ಲಿಪಿಗೆ ಮನ್ನಣೆ ಸಿಗಲಿಲ್ಲ. ಕಣ್ಣಿದ್ದ ಮೇಷ್ಟರುಗಳಿಗೆ ತಮಗೆ ಓದಲು ಬಾರದ ಲಿಪಿ ಬೇಡವಾಗಿತ್ತು. ಒಬ್ಬ ಮುಖ್ಯಸ್ಥರು ಅದನ್ನು ಬಳಸಲೇಬಾರದೆಂದರು. ಮಕ್ಕಳು ಕದ್ದುಮುಚ್ಚಿ ಬರೆಯುತ್ತಲೇ ಇದ್ದರು. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಲ್ಲಿ ಎಲ್ಲರೆದುರು ಲಿಪಿಯ ಪ್ರದರ್ಶನವಾದ ಮೇಲೆ ಗಾಳಿ ತಿರುಗಿತು. ಅಷ್ಟರಲ್ಲಿ ಅವರ ದೇಹವನ್ನು ಕ್ಷಯ ಹಿಡಿದಿತ್ತು. 1852ರ ಜನವರಿ 6ರಂದು, 43 ತುಂಬಿದ ಎರಡನೇ ದಿನ, ತೀರಿಕೊಂಡರು. ಶಾಲೆ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ನೂರು ವರ್ಷದ ನಂತರ ದೇಹವನ್ನು ಪ್ಯಾರಿಸ್ಸಿನ ಪ್ಯಾಂಥಿಯಾನಿಗೆ ಒಯ್ದರು. ಕೈಗಳನ್ನು ಮಾತ್ರ ಕೂವ್ರೇಯಲ್ಲೇ ಉಳಿಸಿಕೊಂಡರು.

ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಪದ್ಧತಿಯಾಗಿ ಭಾರತಿ ಬ್ರೈಲ್ 1951ರಲ್ಲಿ ಬಂತು. ಉಚ್ಚಾರಣೆ ಒಂದಾದರೆ ಚುಕ್ಕಿಯೂ ಒಂದು. ಕನ್ನಡದ 'ಕ'ಗೆ ಎಡಸಾಲಿನ ಮೇಲಿನ ಮತ್ತು ಕೆಳಗಿನ ಚುಕ್ಕಿ. ಮರಾಠಿಗೂ ಅದೇ, ತೆಲುಗಿಗೂ ಅದೇ. ಮನೆಯಲ್ಲಿ ಕನ್ನಡ ಬ್ರೈಲ್ ಕಲಿತ ಪುಣೆಯ ಮಗು ಶಾಲೆಯಲ್ಲಿ ಮರಾಠಿ ಪುಸ್ತಕ ತೆರೆದರೆ, ಬೆರಳಿಗೆ ಸಿಗುವುದು ಆಗಲೇ ಪರಿಚಯವಾದ ಅಕ್ಷರ.