ನೋಟಿನ ಮೇಲೆ ರುಜು ಹಾಕಿದ ಬೆನಗಲ್ ರಾಮರಾವ್

ಮಹನೀಯರ ಜೀವನ ಎಂಬ ಈ ಅಂಕಣದಲ್ಲಿ ರಾಜರು, ಕವಿಗಳು, ಶರಣರು ಎಲ್ಲರೂ ಬಂದು ಹೋಗಿದ್ದಾರೆ. ಈ ಸಲ ನಾನು ಬೇರೆ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಇವರು ಯುದ್ಧ ಮಾಡಿದವರಲ್ಲ, ಕಾವ್ಯ ಬರೆದವರೂ ಅಲ್ಲ. ಆದರೆ ಒಂದು ಕಾಲಕ್ಕೆ ಇವರ ಹೆಸರು ಕೂಡ್ಲಿಗಿ ಸಂತೆಯಿಂದ ದಿಲ್ಲಿಯವರೆಗೆ ಎಲ್ಲರ ಜೇಬಿನಲ್ಲೂ, ತಾಯಂದಿರ ಸೆರಗಿನ ಗಂಟಿನಲ್ಲೂ ಇತ್ತು. ಅವರೇ ಸರ್ ಬೆನಗಲ್ ರಾಮರಾವ್. 1949ರಿಂದ 1957ರವರೆಗೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು.

ಯಾವುದಾದರೂ ಹತ್ತು ರೂಪಾಯಿ ನೋಟು ಕೈಗೆ ತಗೊಂಡು ನೋಡ್ರಿ. ಅದರಲ್ಲಿ ಗವರ್ನರ್ ಒಂದು ಮಾತು ಕೊಟ್ಟಿರುತ್ತಾರೆ. ಇದನ್ನು ತಂದವರಿಗೆ ಇಷ್ಟು ಮೊತ್ತ ಸಲ್ಲಿಸುತ್ತೇನೆ ಎಂಬ ಮಾತು. ಅದರ ಕೆಳಗೆ ಅವರ ರುಜು. ಚಿತ್ರ, ಬಣ್ಣ, ಬಳ್ಳಿ, ಸಿಂಹ ಏನೇ ಇರಲಿ, ಎಲ್ಲವೂ ಆ ಒಂದು ಮಾತಿನ ಕಾವಲಿಗೆ ಇರುವುದು. ಒಂದು ರೂಪಾಯಿ ನೋಟು ಮಾತ್ರ ಬೇರೆ. ಅದನ್ನು ಭಾರತ ಸರ್ಕಾರವೇ ಹೊರಡಿಸುತ್ತದೆ, ಅದಕ್ಕೆ ಹಣಕಾಸು ಕಾರ್ಯದರ್ಶಿಯ ರುಜು ಇರುತ್ತದೆ. ಇದು ನನಗೂ ಈ ಲೇಖನಕ್ಕಾಗಿ ಓದುವಾಗಲೇ ತಿಳಿಯಿತು.

ರಾಮರಾಯರು ಹುಟ್ಟಿದ್ದು 1889ರಲ್ಲಿ, ದಕ್ಷಿಣ ಕನ್ನಡ ಮೂಲದ ಬೆನಗಲ್ ಎಂಬ ಸಾರಸ್ವತ ಮನೆತನದಲ್ಲಿ. ಮನೆಮಾತು ಕೊಂಕಣಿ. ಆಗ ಮಂಗಳೂರು ಸೀಮೆಯೂ ನಮ್ಮ ಬಳ್ಳಾರಿ ಜಿಲ್ಲೆಯೂ ಮದರಾಸು ಪ್ರಾಂತ್ಯಕ್ಕೇ ಸೇರಿದ್ದವು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಮುಂದೆ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಡ್ಜಿನಲ್ಲಿ ಕಲಿತರು. ಐ.ಸಿ.ಎಸ್. ಸೇರಿದರು. ಅಣ್ಣತಮ್ಮಂದಿರೂ ಕಡಿಮೆಯವರಲ್ಲ. ಅಣ್ಣ ಬಿ.ಎನ್. ರಾವ್ ನಮ್ಮ ಸಂವಿಧಾನ ಸಭೆಯ ಸಲಹೆಗಾರರು. ತಮ್ಮ ಬಿ. ಶಿವರಾವ್ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು. ಒಂದೇ ಮನೆಯ ಮಕ್ಕಳಲ್ಲಿ ಒಬ್ಬರು ದೇಶದ ಕಾನೂನಿನ ಕರಡಿಗೆ ಕೈ ಹಚ್ಚಿದರು, ಇನ್ನೊಬ್ಬರು ದೇಶದ ರೊಕ್ಕಕ್ಕೆ ರುಜು ಹಾಕಿದರು!

ಅವರ ಪತ್ನಿ ಧನ್ವಂತಿಯವರು ಕಾಶ್ಮೀರಿ ಮನೆತನದವರು. ಆದರೆ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಕುಟುಂಬ ಯೋಜನೆಯ ಕೆಲಸದಲ್ಲಿ ಅವರದು ದೊಡ್ಡ ಹೆಸರು. ಮಗಳು ಶಾಂತಾ ರಾಮರಾವ್ ಇಂಗ್ಲಿಷ್ ಲೇಖಕಿ.

ರಾಮರಾಯರು ಲಂಡನ್ನಿನಲ್ಲಿ ಉಪ ಹೈಕಮಿಷನರ್ ಆಗಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಹೈಕಮಿಷನರ್ ಆಗಿದ್ದರು. 1941ರಿಂದ ಬೊಂಬಾಯಿ ಬಂದರಿನ ಟ್ರಸ್ಟಿಗೆ ಅಧ್ಯಕ್ಷರಾದರು. ಸ್ವಾತಂತ್ರ್ಯ ಬಂದ ಮೇಲೆ ಜಪಾನಿಗೂ ಅಮೆರಿಕಕ್ಕೂ ನಮ್ಮ ದೇಶದ ಪ್ರತಿನಿಧಿಯಾಗಿ ಹೋದರು. ಅಲ್ಲಿಂದ ಬಂದು 1949ರ ಜುಲೈ 1ರಂದು ರಿಸರ್ವ್ ಬ್ಯಾಂಕಿನ ನಾಲ್ಕನೇ ಗವರ್ನರ್ ಆದರು. ಏಳೂವರೆ ವರ್ಷ ಆ ಕುರ್ಚಿಯಲ್ಲಿದ್ದರು. ಅಷ್ಟು ದೀರ್ಘ ಕಾಲ ಆ ಹುದ್ದೆಯಲ್ಲಿ ಇದ್ದವರು ಬೇರೆ ಯಾರೂ ಇಲ್ಲ.

ಈಗ ಸ್ವಲ್ಪ ನೋಟಿನ ಕಥೆ ಹೇಳುತ್ತೇನೆ, ಇಲ್ಲದಿದ್ದರೆ ಅವರ ಕಾಲದ ಮಹತ್ವ ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ ಸರ್ಕಾರವೇ ನೋಟು ಹೊರಡಿಸುವ ಕಾಯಿದೆ ಬಂದದ್ದು 1861ರಲ್ಲಿ. ಮೊದಲಿನ ನೋಟುಗಳ ಮೇಲೆ ವಿಕ್ಟೋರಿಯಾ ರಾಣಿಯ ಚಿತ್ರವಿತ್ತು. ಒಂದೇ ಮಗ್ಗುಲಿಗೆ ಅಚ್ಚು, ಹಿಂದೆ ಬರೀ ಬಿಳಿ. ಖೋಟಾ ನೋಟಿನವರು ಅದನ್ನು ನಕಲು ಮಾಡತೊಡಗಿದ್ದರಿಂದ 1867ರಲ್ಲಿ ಅವನ್ನು ಹಿಂತೆಗೆದುಕೊಂಡರು. ಆಮೇಲೆ ಬಂದ ನೋಟುಗಳ ಅಡಿಯಲ್ಲಿ ಬಣ್ಣದ ಅಚ್ಚು ಸೇರಿಸಿದರು. ಆಗಿನ ನೋಟುಗಳು ದಿಲ್ಲಿಯಲ್ಲೂ ಅಚ್ಚಾಗುತ್ತಿರಲಿಲ್ಲ, ಬೊಂಬಾಯಲ್ಲೂ ಅಲ್ಲ. ಹಡಗಿನಲ್ಲಿ ಇಂಗ್ಲೆಂಡಿನಿಂದ ಬರುತ್ತಿದ್ದವು. 1928ರಲ್ಲಿ ನಾಸಿಕದಲ್ಲಿ ಮುದ್ರಣಾಲಯ ಶುರುವಾದ ಮೇಲೆ ನೋಟು ನಮ್ಮ ನೆಲದಲ್ಲೇ ಅಚ್ಚಾಗತೊಡಗಿತು.

ನೋಟಿನ ಕಲೆ ಅಂದರೆ ಬರೀ ಚೆಂದಕ್ಕಲ್ಲ. ಮೊದಲು ಕಾಗದ. ಅದು ಹತ್ತಿಯಿಂದ ಆದದ್ದು, ನಮ್ಮ ಎರೆಹೊಲದಲ್ಲಿ ಬೆಳೆಯುವಂಥ ಹತ್ತಿಯೇ! ಕಾಗದ ಇನ್ನೂ ಹಸಿಯಾಗಿರುವಾಗಲೇ ಕೆಲವು ಕಡೆ ತೆಳುವಾಗಿ, ಕೆಲವು ಕಡೆ ದಪ್ಪವಾಗಿ ಮಾಡುತ್ತಾರೆ. ಬೆಳಕಿಗೆ ಹಿಡಿದರೆ ಒಳಗೆ ಚಿತ್ರ ಕಾಣುತ್ತದೆ. ಅದೇ ನೀರುಗುರುತು. ಇನ್ನು ಲೋಹದ ತಗಡಿನ ಮೇಲೆ ಸಣ್ಣ ಸಣ್ಣ ಗೆರೆ ಕೆತ್ತಿ, ಆ ಗೆರೆಯ ತಗ್ಗಿನಲ್ಲಿ ಮಸಿ ತುಂಬಿ, ಕಾಗದವನ್ನು ಬಿಗಿಯಾಗಿ ಒತ್ತುತ್ತಾರೆ. ಮಸಿ ಉಬ್ಬಿ ನಿಲ್ಲುತ್ತದೆ, ಬೆರಳಿಗೆ ತಿಳಿಯುತ್ತದೆ. ಅಂಚಿನ ಸುತ್ತ ಒಂದರೊಳಗೊಂದು ಹೆಣೆದುಕೊಂಡ ಗೆರೆಗಳನ್ನು ಕಂಡರೆ ನನಗೆ ಅಂಗಳದ ಎಳೆ ರಂಗೋಲಿ ನೆನಪಾಗುತ್ತದೆ. ರಂಗೋಲಿಯಲ್ಲಿ ಒಂದು ಎಳೆ ತಪ್ಪಿದರೆ ಅಕ್ಕಂದಿರಿಗೆ ಗೊತ್ತಾಗುತ್ತದಲ್ಲ, ಹಂಗೇ ಇಲ್ಲೂ. ಮನುಷ್ಯರ ಮುಖ ಹಾಕುವುದಕ್ಕೂ ಇದೇ ಕಾರಣ. ಮುಖದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಆದರೂ ನಮ್ಮ ಕಣ್ಣು ಬೇಗ ಹಿಡಿಯುತ್ತದೆ.

ರಿಸರ್ವ್ ಬ್ಯಾಂಕ್ ಹುಟ್ಟಿದ್ದು 1935ರ ಏಪ್ರಿಲ್ 1ರಂದು. 1938ರಲ್ಲಿ ಅದರ ಮೊದಲ ನೋಟು ಬಂತು, ಆರನೇ ಜಾರ್ಜ್ ರಾಜನ ಮುಖದ ಐದು ರೂಪಾಯಿ ನೋಟು. ಸ್ವಾತಂತ್ರ್ಯ ಬಂದ ಮೇಲೆ ರಾಜನ ಜಾಗದಲ್ಲಿ ಯಾರನ್ನು ಕೂಡಿಸುವುದು ಎಂಬ ಪ್ರಶ್ನೆ ಎದ್ದಿತು. ಮೊದಲು ಗಾಂಧೀಜಿಯ ಚಿತ್ರ ಎಂದು ಯೋಚಿಸಿ ವಿನ್ಯಾಸ ಕೂಡ ಮಾಡಿದ್ದರು. ಕೊನೆಗೆ ಸಾರನಾಥದ ಸಿಂಹಸ್ತಂಭ ಗೆದ್ದಿತು. 1949ರಲ್ಲಿ ಒಂದು ರೂಪಾಯಿ ನೋಟಿನ ಮೇಲೆ ಅದು ಬಂತು. 1950ರಲ್ಲಿ ಗಣರಾಜ್ಯದ 2, 5, 10 ಮತ್ತು 100 ರೂಪಾಯಿ ನೋಟುಗಳು ಹೊರಬಿದ್ದವು. ಅವುಗಳ ಮೇಲೆ ಇದ್ದದ್ದು ನಮ್ಮ ರಾಮರಾಯರ ರುಜು. ವಿನ್ಯಾಸವನ್ನು ಅವರೊಬ್ಬರೇ ನಿರ್ಧರಿಸಿದ್ದಲ್ಲ, ಸರ್ಕಾರ, ಬ್ಯಾಂಕು, ಮುದ್ರಣಾಲಯ ಎಲ್ಲ ಕೂಡಿ ಮಾಡಿದ ಕೆಲಸ. ಆದರೆ ರಾಜನಿಲ್ಲದ ಮೊದಲ ನೋಟುಗಳ ಮಾತಿಗೆ ಹೊಣೆ ಹೊತ್ತವರು ಅವರು. ರಾಜನ ಮುಖ ನೋಡಿ ನಂಬುತ್ತಿದ್ದ ಜನ ಇನ್ನು ಮೇಲೆ ತಮ್ಮದೇ ದೇಶವನ್ನು ನಂಬಬೇಕಿತ್ತು.

ಎರಡು ರೂಪಾಯಿ ನೋಟಿನ ಹಿಂದೆ ಹುಲಿ, ಹತ್ತರ ಹಿಂದೆ ಹಾಯಿಹಡಗು, ನೂರರ ಹಿಂದೆ ಆನೆಗಳು. 1953ರ ಹೊಸ ನೋಟುಗಳಲ್ಲಿ ಹಿಂದಿ ಅಕ್ಷರ ಎದ್ದು ಕಾಣುವಂತಾಯಿತು. ರುಪಯಾ ಎಂಬ ಪದದ ಬಹುವಚನ ಏನು ಎಂದು ದೊಡ್ಡ ಚರ್ಚೆಯೇ ನಡೆದು, ಕಡೆಗೆ ರುಪಯೇ ಎಂದು ಗೊತ್ತಾಯಿತು. ನಮ್ಮ ವ್ಯಾಕರಣದ ಮೇಷ್ಟ್ರಿಗೆ ಇದು ಖುಷಿಯ ಸುದ್ದಿ! ಕನ್ನಡವಂತೂ ರಾಜರ ಕಾಲದ ನೋಟಿನಲ್ಲೂ ಇತ್ತು. 1954ರಲ್ಲಿ 1000, 5000, 10000 ರೂಪಾಯಿಗಳ ದೊಡ್ಡ ನೋಟುಗಳು ಮತ್ತೆ ಬಂದವು. ಸಾವಿರದ ನೋಟಿನ ಹಿಂದೆ ತಂಜಾವೂರಿನ ದೇವಾಲಯ, ಐದು ಸಾವಿರದ್ದರಲ್ಲಿ ಬೊಂಬಾಯಿಯ ಗೇಟ್‌ವೇ ಆಫ್ ಇಂಡಿಯಾ.

ನಮ್ಮ ಸೀಮೆಗೂ ಇದಕ್ಕೂ ಸಂಬಂಧ ಐತಿ. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯಿಂದ ತುಂಗಭದ್ರೆ ದಾಟಿದರೆ ಕೊಪ್ಪಳ ಸೀಮೆ. ಅದು ಹೈದರಾಬಾದಿನ ನಿಜಾಮರದು. ಅವರ ರೂಪಾಯಿ ಬೇರೆ, ನೋಟೂ ಬೇರೆ. ಆ ನೋಟಿನ ಮೇಲೂ ಕನ್ನಡ ಅಕ್ಷರ ಇತ್ತು. ಆದರೆ ಅವರ ಏಳು ರೂಪಾಯಿ ನಮ್ಮ ಆರು ರೂಪಾಯಿಗೆ ಸಮ. ಒಂದೇ ಹೊಳೆ, ಒಂದೇ ಭಾಷೆ, ರೊಕ್ಕ ಮಾತ್ರ ಎರಡು! ರಾಮರಾಯರ ಕಾಲದಲ್ಲೇ ನಿಜಾಮರ ಹಣ ಹಿಂದೆ ಸರಿಯತೊಡಗಿತು. 1959ರ ಹೊತ್ತಿಗೆ ಪೂರ್ತಿ ಹೋಯಿತು. 1953ರ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕುಗಳು ಮದರಾಸು ಬಿಟ್ಟು ಮೈಸೂರು ರಾಜ್ಯ ಸೇರಿದಾಗ ಸರ್ಕಾರಿ ಕಾಗದದ ಮೇಲಿನ ರಾಜ್ಯದ ಹೆಸರು ಬದಲಾಯಿತು. ನೋಟಿನ ಮೇಲಿನ ರುಜು ಬದಲಾಗಲಿಲ್ಲ.

ಅವರ ಅವಧಿಯ ಇನ್ನೊಂದು ಕೆಲಸ ರೈತರ ಮಕ್ಕಳಾದ ನಾವು ಮರೆಯಬಾರದು. 1951–52ರಲ್ಲಿ ಹಳ್ಳಿಗಳ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ ದೇಶದ ತುಂಬ ಸಮೀಕ್ಷೆ ಮಾಡಿಸಿತು. ರೈತರು ತರುವ ಸಾಲದಲ್ಲಿ ಸಹಕಾರ ಸಂಘಗಳಿಂದ ಸಿಗುತ್ತಿದ್ದದ್ದು ನೂರಕ್ಕೆ ಸುಮಾರು ಮೂರು ಪಾಲು ಮಾತ್ರ. ಹೆಚ್ಚಿನದೆಲ್ಲ ಸಾವ್ಕಾರರಿಂದ, ಹೆಚ್ಚಿನ ಬಡ್ಡಿಗೆ. ಆ ವರದಿಯಿಂದಾಗಿಯೇ 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕ್ ಹೋಗಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಬಂತು. ಐದು ವರ್ಷದಲ್ಲಿ ಚಿಕ್ಕ ಊರುಗಳಲ್ಲಿ 400 ಶಾಖೆ ತೆರೆಯಬೇಕೆಂದು ಅದಕ್ಕೆ ಗುರಿ ಕೊಟ್ಟರು. ನೋಟು ಎಷ್ಟು ಚೆಂದ ಇದ್ದರೇನು, ಅದು ನ್ಯಾಯವಾದ ಬಡ್ಡಿಗೆ ರೈತನ ಕೈ ಸೇರಬೇಕಲ್ಲ!

ಈಗ ಅವರ ಜೀವನದ ಮುಖ್ಯ ಘಟ್ಟಕ್ಕೆ ಬರುತ್ತೇನೆ. 1956ರ ಕೊನೆಗೆ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಿನ ಸ್ಟಾಂಪು ಶುಲ್ಕ ಏರಿಸಿದರು. ಅದರಿಂದ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಪಡೆಯುವ ಹಣ ದುಬಾರಿಯಾಯಿತು. ಅಂದರೆ ಬಡ್ಡಿ ದರ ಏರಿಸಿದ ಹಾಗೆಯೇ ಆಯಿತು. ಆ ದರ ಗೊತ್ತುಮಾಡುವುದು ರಿಸರ್ವ್ ಬ್ಯಾಂಕಿನ ಕೆಲಸ ಎಂದು ರಾಮರಾಯರು ವಿರೋಧಿಸಿದರು. ಬ್ಯಾಂಕು ತಮ್ಮ ಖಾತೆಯದೇ ಒಂದು ವಿಭಾಗ ಎಂಬುದು ಮಂತ್ರಿಗಳ ನಿಲುವು. ಪ್ರಧಾನಿ ನೆಹರೂ ಅವರೂ ಮಂತ್ರಿಗಳ ಪಕ್ಷ ವಹಿಸಿದರು. 1957ರ ಜನವರಿಯಲ್ಲಿ ರಾಮರಾಯರು ರಾಜೀನಾಮೆ ಕೊಟ್ಟು ಹೊರನಡೆದರು. ಜನ ಆರಿಸಿದ ಸರ್ಕಾರದ ಮಾತು ನಡೆಯಬೇಕು ಎಂಬುದರಲ್ಲೂ ಅರ್ಥ ಇದೆ. ಆದರೆ ಮಾತು ಕೊಡುವವನೊಬ್ಬ, ಆ ಮಾತಿನ ಬೆಲೆ ಏರಿಸಿ ಇಳಿಸುವವನು ಮತ್ತೊಬ್ಬ ಆದರೆ ಹೇಗೆ? ಈ ಪ್ರಶ್ನೆಯನ್ನು ನಮ್ಮ ಶಾಲೆಯ ಚರ್ಚಾಸ್ಪರ್ಧೆಗೆ ಇಡಬಹುದು ಎಂದು ಗುರುಗಳಲ್ಲಿ ನನ್ನ ವಿನಂತಿ.

ಅವರು ಕುರ್ಚಿ ಬಿಟ್ಟರೂ ಅವರ ರುಜುವಿನ ನೋಟುಗಳು ನಡೆದೇ ನಡೆದವು. ಯಾಕಂದ್ರೆ ಮಾತು ಕೊಟ್ಟದ್ದು ಬರೀ ಮನುಷ್ಯ ಅಲ್ಲ, ಹುದ್ದೆ. ರಾಮರಾಯರು 1969ರ ಡಿಸೆಂಬರಿನಲ್ಲಿ ತೀರಿಕೊಂಡರು. 1978ರ ಜನವರಿಯಲ್ಲಿ ಸರ್ಕಾರ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳನ್ನು ರದ್ದು ಮಾಡಿತು. ತಂಜಾವೂರು ದೇವಾಲಯದ ಆ ಕೆತ್ತನೆ ಒಂದು ಗೆರೆಯೂ ಮಾಸಿರಲಿಲ್ಲ, ಆದರೂ ಅಂಗಡಿಯಲ್ಲಿ ಅದಕ್ಕೆ ಒಂದು ಬೆಂಕಿಪೊಟ್ಟಣವೂ ಸಿಗದಂತಾಯಿತು. ಕಲೆ ಮಾತನ್ನು ಕಾಯುತ್ತದೆ, ಮಾತೇ ಹೋದರೆ ಕಲೆ ಒಂದೇ ಉಳಿಯುತ್ತದೆ. ನನಗೆ ತಿಳಿದದ್ದು ಇಷ್ಟು.

ಮಿತ್ರರೇ, 2017ರಲ್ಲಿ ಬಂದ ಹೊಸ 50 ರೂಪಾಯಿ ನೋಟಿನ ಹಿಂದೆ ನಮ್ಮ ಜಿಲ್ಲೆಯ ಹಂಪಿಯ ಕಲ್ಲಿನ ರಥ ಇದೆ. ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ಅದರಿಂದ ಎರಡು ಸಾಲು ಕೆಳಗೆ ಕೊಂಕಣಿ, ರಾಮರಾಯರ ಮನೆಮಾತು. ಮುಂದೆ ಸಂತೆಗೋ ಕೊಟ್ಟೂರು ತೇರಿಗೋ ಹೋಗುವಾಗ ಮನೆಯಲ್ಲಿ ಆ ನೋಟು ಕೊಟ್ಟರೆ ಖರ್ಚು ಮಾಡುವ ಮುಂಚೆ ಒಮ್ಮೆ ತಿರುವಿ ನೋಡ್ರಿ. ರಥ ನೋಡ್ರಿ, ಗೆರೆ ನೋಡ್ರಿ, ಬೆಳಕಿಗೆ ಹಿಡಿಯಿರಿ. ಕಡೆಗೆ ಆ ಸಣ್ಣ ರುಜುವನ್ನೂ ನೋಡ್ರಿ. ಅದನ್ನು ನೋಟಿನ ಮೇಲೆ ಹಾಕುವವರ ಹೆಗಲ ಮೇಲೆ ಎಷ್ಟು ಭಾರ ಇರುತ್ತದೆ ಎಂದು ತಿಳಿಯಲು ಬೆನಗಲ್ ರಾಮರಾಯರ ಜೀವನ ನಮಗೆ ಸಾಕು.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿ