ಪೆಟ್ಟು ಬಿದ್ದದ್ದು ಒಂದು ಕಣ್ಣಿಗೆ, ಹೋದದ್ದು ಎರಡೂ: ಲೂಯಿ ಬ್ರೈಲ್‌ಗೆ ನಿಜವಾಗಿ ಆಗಿದ್ದೇನು?

ಲೂಯಿ ಬ್ರೈಲ್ ಕಥೆ ನಮಗೆಲ್ಲ ಶಾಲೆಯಿಂದಲೇ ಗೊತ್ತು. ಮೂರು ವರ್ಷದ ಹುಡುಗ ಅಪ್ಪನ ಕೆಲಸದ ಕೋಣೆಯಲ್ಲಿ ಆಡುತ್ತಾ ಕಣ್ಣಿಗೆ ಚುಚ್ಚಿಕೊಂಡ, ದೃಷ್ಟಿ ಕಳೆದುಕೊಂಡ, ದೊಡ್ಡವನಾಗುವ ಮೊದಲೇ ಕಣ್ಣು ಕಾಣದವರಿಗಾಗಿ ಒಂದು ಲಿಪಿ ಮಾಡಿಕೊಟ್ಟ. ಆದರೆ ಈ ಕಥೆಯ ನಡುವೆ ಒಂದು ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ಪೆಟ್ಟು ಬಿದ್ದದ್ದು ಒಂದೇ ಕಣ್ಣಿಗೆ. ಹಾಗಿದ್ದರೆ ಇನ್ನೊಂದು ಕಣ್ಣು ಹೋದದ್ದು ಹೇಗೆ? ಸೋಂಕು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹರಡಿತು ಎಂದು ಹೆಚ್ಚಿನ ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಇಂದಿನ ಅನೇಕ ನೇತ್ರತಜ್ಞರು ಹೇಳುವ ಉತ್ತರವೇ ಬೇರೆ. ನಮ್ಮ ಪ್ರಕಾರ ಅದು ಹೆಚ್ಚು ಕುತೂಹಲಕಾರಿ, ಇವತ್ತಿಗೂ ಉಪಯೋಗಕ್ಕೆ ಬರುವ ಉತ್ತರ.

ಕೂಪ್‌ವ್ರೇ ಎಂಬ ಹಳ್ಳಿ

ಲೂಯಿ ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್‌ನ ಪೂರ್ವಕ್ಕಿರುವ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ. ನಾಲ್ವರು ಮಕ್ಕಳಲ್ಲಿ ಕೊನೆಯವನು. ತಂದೆ ಸಿಮೋನ್ ರೆನೆ ಬ್ರೈಲ್ ಕುದುರೆಗಳ ಜೀನು, ಲಗಾಮು ಮುಂತಾದ ಚರ್ಮದ ಸಾಮಾನು ಮಾಡುತ್ತಿದ್ದರು. 1812ರಲ್ಲಿ ಒಂದು ದಿನ ಲೂಯಿ, ಅಪ್ಪ ಮಾಡುವುದನ್ನೇ ತಾನೂ ಮಾಡಲು ಹೋಗಿ ಚರ್ಮದ ತುಂಡಿಗೆ ತೂತು ಹಾಕಲು ನೋಡಿದ. ಕೈಯಲ್ಲಿದ್ದದ್ದು ದಬ್ಬಳದಂಥ ಮೊನಚಾದ ಸಾಧನ. ಅದು ಜಾರಿ ಒಂದು ಕಣ್ಣಿಗೆ ಚುಚ್ಚಿಕೊಂಡಿತು.

ಮನೆಯವರು ಕೈಲಾದ ಚಿಕಿತ್ಸೆಯನ್ನೆಲ್ಲ ಕೊಡಿಸಿದರು. ಆಗ ಆ್ಯಂಟಿಬಯಾಟಿಕ್ ಇರಲಿಲ್ಲ. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆ ಎಂಬ ತಿಳಿವಳಿಕೆಯೇ ಬರಲು ಇನ್ನೂ ಅರ್ಧ ಶತಮಾನ ಬೇಕಿತ್ತು. ಗಾಯವಾದ ಕಣ್ಣು ಉಳಿಯಲಿಲ್ಲ. ಪೆಟ್ಟೇ ಬೀಳದಿದ್ದ ಕಣ್ಣೂ ಕೆಂಪಾಗಿ, ಮಂಜಾಗುತ್ತಾ ಬಂತು. ಐದು ವರ್ಷ ತುಂಬುವ ಹೊತ್ತಿಗೆ ಲೂಯಿಗೆ ಏನೂ ಕಾಣುತ್ತಿರಲಿಲ್ಲ.

ಕಾವಲುಗಾರರೇ ಮನೆಗೆ ನುಗ್ಗಿದಾಗ

ಮದ್ರಾಸ್ ಐ ಬಂದಾಗ ಮೊದಲು ಒಂದು ಕಣ್ಣು ಕೆಂಪಾಗಿ, ಎರಡು ದಿನದಲ್ಲಿ ಇನ್ನೊಂದೂ ಕೆಂಪಾಗುವುದನ್ನು ನೀವು ನೋಡಿರುತ್ತೀರಿ. ಸೋಂಕು ಕಣ್ಣಿನಿಂದ ಕಣ್ಣಿಗೆ ದಾಟುತ್ತದೆ ಎಂಬ ನಂಬಿಕೆಗೆ ಅದೂ ಒಂದು ಕಾರಣ. ಮದ್ರಾಸ್ ಐ ಹೆಚ್ಚಾಗಿ ಅಡಿನೊವೈರಸ್‌ನಿಂದ ಬರುತ್ತದೆ. ಅದಿರುವುದು ಕಣ್ಣಿನ ಹೊರಪೊರೆಯಲ್ಲಿ. ಉಜ್ಜಿದ ಕೈ, ಒರೆಸಿದ ಟವೆಲ್, ತಲೆದಿಂಬಿನ ಬಟ್ಟೆ ಇವುಗಳ ಮೂಲಕ ಅದು ಇನ್ನೊಂದು ಕಣ್ಣಿಗೂ ಇನ್ನೊಬ್ಬರಿಗೂ ಹೋಗುತ್ತದೆ. ಅಂದಹಾಗೆ, ರೋಗಿಯ ಕಣ್ಣನ್ನು ನೇರವಾಗಿ ನೋಡಿದರೆ ಬರುತ್ತದೆ ಎನ್ನುವುದು ಸುಳ್ಳು. ಕಪ್ಪು ಕನ್ನಡಕ ರೋಗಿಗೆ ಬೆಳಕಿನ ಕಿರಿಕಿರಿ ತಪ್ಪಿಸುತ್ತದೆಯೇ ಹೊರತು ಎದುರಿಗಿದ್ದವರನ್ನು ಕಾಪಾಡುವುದಿಲ್ಲ.

ಗಾಯದಿಂದ ಕಣ್ಣುಗುಡ್ಡೆಯ ಒಳಗೆ ಹೊಕ್ಕ ಸೋಂಕಿನ ವಿಷಯ ಬೇರೆ. ಅದು ಆ ಕಣ್ಣನ್ನು ಹಾಳು ಮಾಡಬಹುದು, ಆದರೆ ಮೂಗಿನ ಆಚೆ ಬದಿಯ ಕಣ್ಣಿನ ಒಳಕ್ಕೆ ತಾನಾಗಿ ಜಿಗಿಯುವುದು ತೀರಾ ಅಪರೂಪ. ಹಾಗಾಗಿ ಲೂಯಿಯ ಎರಡನೇ ಕಣ್ಣಿಗೆ ಬಂದದ್ದು ಸಿಂಪಥೆಟಿಕ್ ಆಫ್ತಾಲ್ಮಿಯಾ ಎಂಬ ಉರಿಯೂತ ಇರಬೇಕು ಎಂದು ವೈದ್ಯರು ಊಹಿಸುತ್ತಾರೆ. ಇದು ಇನ್ನೂರು ವರ್ಷಗಳ ನಂತರ, ರೋಗಿಯನ್ನು ನೋಡದೇ, ಲಕ್ಷಣಗಳ ವಿವರಣೆಯಿಂದ ಮಾಡಿದ ಊಹೆ ಎಂಬುದನ್ನು ಮರೆಯಬಾರದು. ಆದರೂ ಒಂದು ಕಣ್ಣಿಗೆ ಆಳವಾದ ಗಾಯ, ಆಮೇಲೆ ಗಾಯವಿಲ್ಲದ ಕಣ್ಣು ನಿಧಾನವಾಗಿ ಮಂಕಾಗುವುದು, ಕೊನೆಗೆ ಎರಡೂ ಹೋಗುವುದು, ಈ ಮೂರೂ ಆ ಕಾಯಿಲೆಗೆ ಚೆನ್ನಾಗಿ ಹೊಂದುತ್ತವೆ.

ಇದರಲ್ಲಿ ಶತ್ರು ಹೊರಗಿನವನಲ್ಲ. ನಮ್ಮ ರೋಗನಿರೋಧಕ ವ್ಯವಸ್ಥೆ ದೇಹದ ಹೆಚ್ಚಿನ ಭಾಗಗಳ ಪರಿಚಯ ಇಟ್ಟುಕೊಂಡಿರುತ್ತದೆ, ಇದು ನಮ್ಮದು ಎಂದು ಗುರುತಿಸಿ ಸುಮ್ಮನಿರುತ್ತದೆ. ಕಣ್ಣಿನ ಒಳಭಾಗ ಮಾತ್ರ ಅದರ ಓಡಾಟದಿಂದ ಸಾಕಷ್ಟು ಮರೆಯಲ್ಲಿದೆ. ಉರಿಯೂತವಾದರೆ ಅಲ್ಲಿನ ಸೂಕ್ಷ್ಮ ಪದರಗಳು ಹಾಳಾಗುತ್ತವೆ, ಅದಕ್ಕೇ ಈ ಏರ್ಪಾಡು. ಕಣ್ಣುಗುಡ್ಡೆ ಒಡೆದಾಗ ಒಳಗಿನ ಪ್ರೋಟೀನುಗಳು ಹೊರಬಿದ್ದು ಹತ್ತಿರದ ದುಗ್ಧಗ್ರಂಥಿಗಳನ್ನು ತಲುಪುತ್ತವೆ. ಅಲ್ಲಿನ ಟಿ-ಕೋಶಗಳು ಅವನ್ನು ಅಪರಿಚಿತರೆಂದು ತಿಳಿದು ದಾಳಿಗೆ ಸಿದ್ಧವಾಗಬಹುದು. ಅದೇ ಪ್ರೋಟೀನು ಇನ್ನೊಂದು ಕಣ್ಣಿನಲ್ಲೂ ಇದೆಯಲ್ಲ! ಕೋಶಗಳಿಗೆ ಎಡ ಬಲ ಗೊತ್ತಿಲ್ಲ. ಎರಡೂ ಕಣ್ಣುಗಳ ಯುವಿಯಾ ಎಂಬ ರಕ್ತನಾಳಗಳ ಪದರದಲ್ಲಿ ಉರಿಯೂತ ಶುರುವಾಗುತ್ತದೆ.

ಕಾಯಿಲೆ ಬಹಳ ಅಪರೂಪ. ಕಣ್ಣಿಗೆ ಆಳವಾದ ಗಾಯವಾದ ನೂರು ಜನರಲ್ಲಿ ಒಬ್ಬರಿಗೂ ಬರುವುದಿಲ್ಲ. ಬಂದರೆ ಹೆಚ್ಚಿನವರಲ್ಲಿ ಗಾಯವಾದ ಎರಡು ವಾರದಿಂದ ಮೂರು ತಿಂಗಳ ಒಳಗೆ ಕಾಣಿಸುತ್ತದೆ, ಕೆಲವರಲ್ಲಿ ವರ್ಷಗಳೇ ಕಳೆದಿರುತ್ತವೆ. ಸ್ಕಾಟ್ಲೆಂಡಿನ ನೇತ್ರವೈದ್ಯ ವಿಲಿಯಂ ಮೆಕೆಂಜಿ ಇದನ್ನು ವಿವರವಾಗಿ ಬರೆದದ್ದು 1840ರ ಹೊತ್ತಿಗೆ. ಆಗ ಲೂಯಿಗೆ ಮೂವತ್ತು ದಾಟಿತ್ತು.

ಇಂದು ಇದಕ್ಕೆ ಚಿಕಿತ್ಸೆ ಇದೆ. ಸ್ಟೀರಾಯ್ಡ್‌ಗಳು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಬೇರೆ ಔಷಧಿಗಳು ಬೇಗ ಸಿಕ್ಕರೆ ಬಹಳಷ್ಟು ಜನರ ದೃಷ್ಟಿ ಉಳಿಯುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಲೂಯಿಯ ಕಣ್ಣನ್ನು ಉಳಿಸಬಹುದಾಗಿದ್ದ ಅದೇ ಸ್ಟೀರಾಯ್ಡ್, ಹರ್ಪಿಸ್ ವೈರಸ್ ತಗುಲಿದ ಕಣ್ಣಿಗೆ ಬಿದ್ದರೆ ಕಾರ್ನಿಯಾದ ಹುಣ್ಣು ಹೆಚ್ಚಾಗಿ ದೃಷ್ಟಿಗೇ ಕುತ್ತು ಬರಬಹುದು. ಮದ್ರಾಸ್ ಐ ವಾಸಿಯಾದ ಮೇಲೂ ಕೆಲವರಿಗೆ ವಾರಗಟ್ಟಲೆ ಮಂಜು ಮಂಜಾಗಿ ಕಾಣುತ್ತದೆ. ವೈರಸ್ ಹೋದ ಮೇಲೂ ಕಾರ್ನಿಯಾದಲ್ಲಿ ಉಳಿದ ಅದರ ಚೂರುಗಳ ವಿರುದ್ಧ ದೇಹ ಹೋರಾಡುತ್ತಿರುವುದರ ಗುರುತು ಅದು. ಎಲ್ಲಿ ವೈರಸ್‌ನ ಕೈವಾಡ, ಎಲ್ಲಿ ದೇಹದ್ದೇ ಪ್ರತಿಕ್ರಿಯೆ ಎಂದು ಕನ್ನಡಿಯಲ್ಲಿ ನೋಡಿ ಹೇಳಲಾಗದು. ಕಳೆದ ವರ್ಷ ಅಣ್ಣನಿಗೆ ಬರೆದುಕೊಟ್ಟ ಡ್ರಾಪ್ಸ್ ಫ್ರಿಜ್‌ನಲ್ಲಿದ್ದರೆ ಅದು ಅಲ್ಲೇ ಇರಲಿ, ಇನ್ನೂ ಒಳ್ಳೆಯದೆಂದರೆ ಕಸದ ಬುಟ್ಟಿಯಲ್ಲಿರಲಿ.

ಮಕ್ಕಳ ಕಣ್ಣಿಗೆ ಕೈವಾರ, ಪೆನ್ಸಿಲ್, ಚಿನ್ನಿದಾಂಡಿನ ಚಿನ್ನಿ, ಪಟಾಕಿಯ ಚೂರು ಹೊಕ್ಕರೆ ಉಜ್ಜಬೇಡಿ, ಒತ್ತಬೇಡಿ, ಚುಚ್ಚಿಕೊಂಡದ್ದನ್ನು ಕೀಳಬೇಡಿ, ಎಣ್ಣೆಯನ್ನೋ ಎದೆಹಾಲನ್ನೋ ಬಿಡಬೇಡಿ. ಕಣ್ಣಿಗೆ ತಾಗದಂತೆ ಒಂದು ಪೇಪರ್ ಕಪ್ ಅಡ್ಡ ಹಿಡಿದು ಕಣ್ಣಿನ ಆಸ್ಪತ್ರೆಗೆ ಓಡಿ. ಗಾಯ ಮಾಗಿದ ಮೇಲೆ ಯಾವತ್ತೇ ಆಗಲಿ ಗಾಯವಾಗದ ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ಮಂಜಾದರೆ ಹಳೆಯ ಗಾಯದ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು.

ಆರು ಚುಕ್ಕಿಗಳು

ಮತ್ತೆ ಕೂಪ್‌ವ್ರೇಗೆ ಬರೋಣ. ಕಣ್ಣು ಕಾಣದ ಮಗನನ್ನು ಮನೆಯವರು ಮೂಲೆಯಲ್ಲಿ ಕೂರಿಸಲಿಲ್ಲ. ಊರಿನ ಪಾದ್ರಿ ಜಾಕ್ ಪಾಲುಯಿ ನೆರವಾದರು. ಲೂಯಿ ಊರಿನ ಶಾಲೆಗೇ ಹೋದ, ಕೇಳಿಯೇ ಕಲಿತ, ಎಲ್ಲರಿಗಿಂತ ಚೆನ್ನಾಗಿ ಕಲಿತ. 1819ರಲ್ಲಿ, ಹತ್ತನೇ ವಯಸ್ಸಿನಲ್ಲಿ, ಪ್ಯಾರಿಸ್‌ನ ಅಂಧ ಮಕ್ಕಳ ರಾಜಸಂಸ್ಥೆಗೆ ಸೇರಿದ.

ಅಲ್ಲಿ ಓದಲು ಪುಸ್ತಕಗಳಿದ್ದವು. ಸಂಸ್ಥೆಯ ಸ್ಥಾಪಕ ವ್ಯಾಲೆಂಟಿನ್ ಹೌಯಿ ಮಾಡಿಸಿದ, ಮಾಮೂಲಿ ಅಕ್ಷರಗಳನ್ನೇ ಉಬ್ಬಾಗಿ ಒತ್ತಿದ ದಪ್ಪ ದಪ್ಪ ಪುಸ್ತಕಗಳು. ಬೆರಳಿಗೆ ಒಂದೊಂದೇ ಅಕ್ಷರದ ಅಂಚು ಹುಡುಕುತ್ತಾ ಓದಬೇಕು. ಬರೆಯಲು ಅಂತೂ ದಾರಿಯೇ ಇಲ್ಲ. ಕಣ್ಣಿದ್ದವರ ಲಿಪಿಯನ್ನು ಬೆರಳಿಗೆ ಹೊಂದಿಸುವ ಪ್ರಯತ್ನ ಅದು. ಬೆರಳಿಗೆ ಯಾವುದು ಸುಲಭ ಎಂದು ಕೇಳಿದವರಿರಲಿಲ್ಲ.

1821ರಲ್ಲಿ ಶಾರ್ಲ್ ಬಾರ್ಬಿಯೇ ಎಂಬವರ ಬರವಣಿಗೆಯ ಪದ್ಧತಿಯೊಂದು ಸಂಸ್ಥೆಗೆ ಬಂತು. ಅದರಲ್ಲಿ ಗೆರೆಗಳಿಲ್ಲ, ಉಬ್ಬು ಚುಕ್ಕಿಗಳು ಮಾತ್ರ. ಹುಡುಗರ ಬೆರಳು ಇದನ್ನು ಕೂಡಲೇ ಒಪ್ಪಿತು. ತೊಂದರೆಯೂ ಇತ್ತು. ಒಂದು ಗುರುತಿಗೆ ಹನ್ನೆರಡು ಚುಕ್ಕಿಗಳವರೆಗೆ ಬೇಕು, ಅಷ್ಟು ಬೆರಳ ತುದಿಗೆ ಒಮ್ಮೆಗೆ ಸಿಗದು. ಅದು ಬರೆಯುತ್ತಿದ್ದದ್ದು ಉಚ್ಚಾರದ ಧ್ವನಿಗಳನ್ನು, ಕಾಗುಣಿತವನ್ನಲ್ಲ. ಲೂಯಿ ಇದನ್ನು ಹಿಡಿದು ಕೂತ. 1824ರ ಹೊತ್ತಿಗೆ, ಹದಿನೈದನೇ ವಯಸ್ಸಿಗೆ, ಹನ್ನೆರಡನ್ನು ಆರಕ್ಕೆ ಇಳಿಸಿದ. ಎರಡು ಕಂಬಸಾಲು, ಒಂದೊಂದರಲ್ಲಿ ಮೂರು ಚುಕ್ಕಿ. ಬೆರಳನ್ನು ಅಲ್ಲಾಡಿಸದೆ ಒಂದೇ ಸ್ಪರ್ಶಕ್ಕೆ ಇಡೀ ಅಕ್ಷರ ಸಿಗುತ್ತದೆ. ಆರು ಚುಕ್ಕಿಗಳಿಂದ 63 ಗುರುತುಗಳಾಗುತ್ತವೆ. ಅಕ್ಷರಗಳು, ಅಂಕಿಗಳು, ಚಿಹ್ನೆಗಳು, ಸಂಗೀತದ ಸ್ವರಗಳು ಎಲ್ಲಕ್ಕೂ ಸಾಕು. 1829ರಲ್ಲಿ ಇದರ ವಿವರಣೆ ಪುಸ್ತಕವಾಗಿ ಬಂತು, 1837ರಲ್ಲಿ ತಿದ್ದಿದ ಆವೃತ್ತಿ.

ಮುಂದೆ ಅವರು ಅದೇ ಸಂಸ್ಥೆಯಲ್ಲಿ ಶಿಕ್ಷಕರಾದರು, ಪ್ಯಾರಿಸ್‌ನ ಚರ್ಚುಗಳಲ್ಲಿ ಆರ್ಗನ್ ನುಡಿಸಿದರು. ಆದರೆ ಅವರ ಲಿಪಿಗೆ ಅವರ ಶಾಲೆಯಲ್ಲೇ ಜಾಗ ಗಟ್ಟಿಯಾಗಿರಲಿಲ್ಲ. 1840ರ ದಶಕದ ಆರಂಭದಲ್ಲಿ ನಿರ್ದೇಶಕರಾಗಿದ್ದ ಅರ್ಮಾನ್ ದ್ಯುಫೋ ಅದರ ಬಳಕೆಯನ್ನೇ ನಿಲ್ಲಿಸಿದರು. ಹುಡುಗರು ಬಿಡಲಿಲ್ಲ, ಗುಟ್ಟಾಗಿ ಚುಕ್ಕಿಗಳಲ್ಲೇ ಬರೆದರು. ಒಮ್ಮೆ ಸ್ವಂತ ಕೈಬರಹ ಸಿಕ್ಕವರಿಂದ ಅದನ್ನು ಕಸಿಯುವುದು ಅಷ್ಟು ಸುಲಭವಲ್ಲ. 1844ರಲ್ಲಿ ಸಂಸ್ಥೆಯ ಹೊಸ ಕಟ್ಟಡದ ಉದ್ಘಾಟನೆಯಲ್ಲಿ ಲಿಪಿಗೆ ಮತ್ತೆ ಬಹಿರಂಗ ಮನ್ನಣೆ ಸಿಕ್ಕಿತು.

ಆ ಹೊತ್ತಿಗೆ ಬ್ರೈಲ್ ಅವರ ಆರೋಗ್ಯ ಕೆಟ್ಟಿತ್ತು. ಹಲವು ವರ್ಷ ಕ್ಷಯದಿಂದ ನರಳಿ, 43 ತುಂಬಿದ ಎರಡೇ ದಿನಕ್ಕೆ, 1852ರ ಜನವರಿ 6ರಂದು ತೀರಿಕೊಂಡರು. ಫ್ರಾನ್ಸ್ ಅಧಿಕೃತವಾಗಿ ಈ ಲಿಪಿಯನ್ನು ಒಪ್ಪಿದ್ದು ಎರಡು ವರ್ಷಗಳ ನಂತರ. ನೂರು ವರ್ಷವಾದಾಗ, 1952ರಲ್ಲಿ, ಅವರ ಅವಶೇಷಗಳನ್ನು ಪ್ಯಾರಿಸ್‌ನ ಪ್ಯಾಂಥಿಯನ್‌ಗೆ ಒಯ್ದರು. ಕೈಗಳನ್ನು ಮಾತ್ರ ಕೂಪ್‌ವ್ರೇಯಲ್ಲೇ ಉಳಿಸಿಕೊಂಡರು.

ಅದರ ಹಿಂದಿನ ವರ್ಷವೇ, 1951ರಲ್ಲಿ, ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಚೌಕಟ್ಟಾಗಿ ಭಾರತಿ ಬ್ರೈಲ್ ರೂಪುಗೊಂಡಿತ್ತು. ಅದರಲ್ಲಿ ಕನ್ನಡದ ಅ ಅಂದರೆ ಎಡಗಡೆಯ ಮೇಲಿನ ಒಂದು ಚುಕ್ಕಿ, ಬ ಅಂದರೆ ಅದರ ಕೆಳಗೆ ಇನ್ನೊಂದು. ಫ್ರೆಂಚ್ ವರ್ಣಮಾಲೆಯ ಮೊದಲೆರಡು ಅಕ್ಷರಗಳಿಗೆ ಆ ಹುಡುಗ ಕೊಟ್ಟದ್ದೂ ಇವೇ ಗುರುತುಗಳನ್ನು.