ಹೊಲದಾಳು ಜಾರ್ಜ್ ಲವ್‌ಲೆಸ್ ಮತ್ತು ನನ್ನ ಪಾಠಯೋಜನೆಯ ಒಂದು ತಪ್ಪು

ಅಭ್ಯಾಸ ಬೋಧನೆಯ ಎರಡನೇ ವಾರ ಒಂಬತ್ತನೇ ತರಗತಿಗೆ ಕೈಗಾರಿಕಾ ಕ್ರಾಂತಿಯ ಘಟಕ ತೆಗೆದುಕೊಂಡಿದ್ದೆ. ಗಿರಣಿ, ಉಗಿಯಂತ್ರಗಳ ನಡುವೆ ಹೊಲದಾಳುಗಳ ಮಾತೇ ಬರಲಿಲ್ಲವಲ್ಲ ಎನ್ನಿಸಿ, ಒಂದು ಅವಧಿಯನ್ನು ಜಾರ್ಜ್ ಲವ್‌ಲೆಸ್‌ನ ಜೀವನಕ್ಕೆ ಮೀಸಲಿಟ್ಟೆ.

1797ರಲ್ಲಿ ಹುಟ್ಟಿದ ಲವ್‌ಲೆಸ್ ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಟಾಲ್‌ಪಡಲ್ ಹಳ್ಳಿಯವನು. ನೇಗಿಲು ಹೂಡುವ ಕೂಲಿಯಾಳು. ತಾನಾಗಿಯೇ ಓದು ಕಲಿತು ಮೆಥಡಿಸ್ಟ್ ಪಂಥದ ಬೋಧಕನೂ ಆಗಿದ್ದ. ಹೆಂಡತಿ, ಮೂವರು ಮಕ್ಕಳು. ವಾರದ ಕೂಲಿ 9 ಷಿಲಿಂಗ್ ಇದ್ದದ್ದು 8 ಆಯಿತು, 7 ಆಯಿತು, 6ಕ್ಕೆ ಇಳಿಸುವ ಮಾತೂ ಬಂತು. ಕಪ್ಪುಹಲಗೆಯ ಮೇಲೆ 9, 8, 7, 6 ಎಂದು ಬರೆದು ಸುಮ್ಮನೆ ನಿಂತೆ. ಮುಂದಿನದು ಐದು ಎಂದು ಮಕ್ಕಳೇ ಕೂಗಿದರು. ನಾನು ತಯಾರಿಸಿದ್ದ ಬಣ್ಣದ ಚಾರ್ಟ್ ಅಷ್ಟು ಕೆಲಸ ಮಾಡಲಿಲ್ಲ.

1833ರಲ್ಲಿ ಅವನೂ ಜೊತೆಗಾರರೂ ಕೃಷಿ ಕೂಲಿಕಾರರ ಸಂಘ ಕಟ್ಟಿದರು. ಸೇರುವವರಿಗೆ ಕಣ್ಣುಕಟ್ಟಿ, ಅಸ್ಥಿಪಂಜರದ ಚಿತ್ರದ ಮುಂದೆ ಪ್ರಮಾಣ ಮಾಡಿಸುತ್ತಿದ್ದರು. 1834ರ ಫೆಬ್ರವರಿ 24ರಂದು ಆರು ಮಂದಿಯ ಬಂಧನವಾಯಿತು. ಮಾರ್ಚಿಯಲ್ಲಿ ಡಾರ್ಚೆಸ್ಟರ್ ನ್ಯಾಯಾಲಯ ಏಳು ವರ್ಷ ಗಡೀಪಾರು ವಿಧಿಸಿತು.

ಇಲ್ಲಿಯೇ ಎಡವಿದೆ. ಸಂಘ ಕಟ್ಟಿದ್ದೇ ಅವರ ಅಪರಾಧ ಎಂದು ಪಾಠಯೋಜನೆಯಲ್ಲಿ ಬರೆದಿದ್ದೆ, ಹಾಗೆಯೇ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಸಂಘಗಳ ಮೇಲಿನ ನಿಷೇಧ 1824ರಲ್ಲೇ ಹೋಯಿತೆಂದು ನಿನ್ನೆ ನೀವೇ ಹೇಳಿದ್ದಿರಲ್ಲ ಮೇಡಂ ಎಂದು ಕೇಳಿದಳು. ಹಿಂದೆ ಕುಳಿತ ಮಾರ್ಗದರ್ಶಕ ಅಧ್ಯಾಪಕರು ತಲೆಯೆತ್ತಿದರು. ನಾಳೆ ಹೇಳುತ್ತೇನೆ ಎಂದೆ. ಬೇರೆ ದಾರಿಯೂ ಇರಲಿಲ್ಲ.

ಮರುದಿನ ತಿದ್ದಿಕೊಂಡೆ. ಆರೋಪ ಸಂಘದ್ದಲ್ಲ, ಗುಟ್ಟಿನ ಪ್ರಮಾಣದ್ದು. ನೌಕಾಪಡೆಯ ದಂಗೆಯ ಕಾಲದಲ್ಲಿ, 1797ರಲ್ಲಿ ಮಾಡಿದ ಕಾಯ್ದೆಯನ್ನು ಹೊಲದಾಳುಗಳ ಮೇಲೆ ಹೊರಿಸಿದ್ದರು. ಭೂಮಾಲೀಕರ ಭಯಕ್ಕೆ ಹಿನ್ನೆಲೆಯಿತ್ತು: 1830ರಲ್ಲಿ ದಕ್ಷಿಣದ ಪ್ರಾಂತ್ಯಗಳ ಕೂಲಿಕಾರರು ಒಕ್ಕಣೆ ಯಂತ್ರಗಳನ್ನು ಒಡೆದಿದ್ದರು. ಲವ್‌ಲೆಸ್ ಏನನ್ನೂ ಒಡೆದವನಲ್ಲ.

ಐವರನ್ನು ನ್ಯೂ ಸೌತ್ ವೇಲ್ಸ್‌ಗೆ, ಕಾಯಿಲೆಯಿಂದ ಹಿಂದುಳಿದ ಲವ್‌ಲೆಸ್‌ನನ್ನು ಈಗಿನ ಟಾಸ್ಮೇನಿಯಾಕ್ಕೆ ಸಾಗಿಸಿದರು. ಏಪ್ರಿಲ್ 21ರಂದು ಲಂಡನ್ನಿನಲ್ಲಿ ಭಾರೀ ಮೆರವಣಿಗೆ ನಡೆಯಿತು. 1836ರಲ್ಲಿ ಕ್ಷಮೆ ಸಿಕ್ಕಿತು. 1837ರಲ್ಲಿ ಮರಳಿದವನು ತನ್ನ ಅನುಭವವನ್ನು ಕಿರುಹೊತ್ತಗೆಯಾಗಿ ಅಚ್ಚುಮಾಡಿಸಿದ. ಮುಂದೆ ಕೆನಡಾಕ್ಕೆ ಹೋಗಿ ನೆಲೆಸಿ, 1874ರಲ್ಲಿ ಅಲ್ಲಿಯೇ ತೀರಿಕೊಂಡ. ಆರು ಜನರಲ್ಲಿ ಟಾಲ್‌ಪಡಲ್‌ನಲ್ಲಿ ಮತ್ತೆ ಬಾಳಿದವನು ಜೇಮ್ಸ್ ಹ್ಯಾಮೆಟ್ ಒಬ್ಬನೇ.

ಪ್ರಮಾಣ ಮಾಡಿಸದೆ ಇದ್ದಿದ್ದರೆ ಬಿಟ್ಟುಬಿಡುತ್ತಿದ್ದರೇ ಎಂದು ಅದೇ ಹುಡುಗಿ ಮತ್ತೆ ಕೇಳಿದಳು. ಆ ಪ್ರಶ್ನೆಯನ್ನು ಘಟಕ ಪರೀಕ್ಷೆಗೆ ಸೇರಿಸಿದ್ದೇನೆ. ಅಂಕ ಹೇಗೆ ಕೊಡಬೇಕೆಂದು ಇನ್ನೂ ತೀರ್ಮಾನಿಸಿಲ್ಲ.